ಬೆಳ್ಳಗಿರೋದೆಲ್ಲ ಔಷಧಿ ಅಲ್ಲ

ರಾತ್ರಿ ಕಾರ್ಯಕ್ರಮ ಮುಗಿದ ಮೇಲೆ ವೀಕ್ಷಕರು ಕಳಿಸಿರೋ ವಾಟ್ಸ್‌ಆ್ಯಪ್ ಮೆಸೇಜ್‌ಗಳನ್ನು ಕೂತು ಓದೋದು ನನ್ನ ಅಭ್ಯಾಸ. ಹೆಚ್ಚಿನವು ರಾಜಕೀಯ. ಒಂದಷ್ಟು ಬೈಗುಳ. ನಡುವೆ ಎಲ್ಲೋ ಒಂದು ಮೆಸೇಜ್ ಮಾತ್ರ ನಿದ್ದೆ ಕೆಡಿಸುತ್ತೆ. ಅಂಥದ್ದೊಂದರ ಬಗ್ಗೆ ಇವತ್ತು ಮಾತಾಡ್ತೀನಿ.

ಕಳಿಸಿದವರು ಒಬ್ಬ ತಾಯಿ. "ಸರ್, ನನ್ನ ಮಗನಿಗೆ ಹನ್ನೊಂದು ತುಂಬಿದೆ. ನೋಡಿದವರು ಏಳು ವರ್ಷ ಅಂತಾರೆ. ಸ್ಕೂಲಲ್ಲಿ ಇವತ್ತಿಗೂ ಸಾಲಲ್ಲಿ ಮೊದಲು ಅವನನ್ನೇ ನಿಲ್ಲಿಸ್ತಾರೆ. ಡಾಕ್ಟ್ರು ಪರೀಕ್ಷೆ ಎಲ್ಲ ಮಾಡಿಸಿ ಗ್ರೋತ್ ಹಾರ್ಮೋನ್ ಇಂಜೆಕ್ಷನ್ ದಿನಾ ಕೊಡಬೇಕು, ವರ್ಷಗಟ್ಟಲೆ ಕೊಡಬೇಕು ಅಂದ್ರು. ರೇಟ್ ಕೇಳಿ ಮನೇಲಿ ಯಾರೂ ಊಟ ಮಾಡ್ಲಿಲ್ಲ. ನನ್ನ ತಮ್ಮ ಇಂಟರ್ನೆಟ್‌ನಲ್ಲಿ ಇದನ್ನ ಹುಡುಕಿದಾನೆ. ಇದೂ ಅದೇ ಅಲ್ವಾ ಸರ್? ತರಿಸಬಹುದಾ?"

ಜೊತೆಗೊಂದು ಫೋಟೋ. ಹೆಬ್ಬೆರಳಿನಷ್ಟು ಗಾಜಿನ ಬಾಟ್ಲಿ, ತಳದಲ್ಲಿ ಚಿಟಿಕೆಗಿಂತ ಕಡಿಮೆ ಬಿಳಿ ಪುಡಿ. ಲೇಬಲ್ ಮೇಲೆ "ರೀಕಾಂಬಿನೆಂಟ್ ಹ್ಯೂಮನ್ ಗ್ರೋತ್ ಹಾರ್ಮೋನ್, 50 ಮೈಕ್ರೋಗ್ರಾಂ". ಅದರ ಕೆಳಗೆ ಸಣ್ಣಕ್ಷರದಲ್ಲಿ "ಫಾರ್ ರಿಸರ್ಚ್ ಯೂಸ್ ಓನ್ಲಿ. ನಾಟ್ ಫಾರ್ ಹ್ಯೂಮನ್ ಯೂಸ್". ಅಂದ್ರೆ ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗೆ ಅಲ್ಲ.

ಆ ತಾಯಿಯ ಕೊನೆಯ ಸಾಲು ಹೀಗಿತ್ತು: "ಮೇಲೆ ಹ್ಯೂಮನ್ ಅಂತಾನೂ ಬರೆದಿದೆ, ಕೆಳಗೆ ಹ್ಯೂಮನ್‌ಗೆ ಅಲ್ಲ ಅಂತಾನೂ ಬರೆದಿದೆ. ಯಾವುದನ್ನ ನಂಬೋದು?"

ಎಂಥಾ ಪ್ರಶ್ನೆ ನೋಡಿ. ನಾನು ಓದಿದ್ದು ಇಂಜಿನಿಯರಿಂಗ್, ಅದೂ ಎಲೆಕ್ಟ್ರಾನಿಕ್ಸ್. ಜೀವಶಾಸ್ತ್ರ ಪಿಯುಸಿಗೇ ಮುಗಿದಿತ್ತು. ಹಾಗಾಗಿ ತಕ್ಷಣ ಉತ್ತರ ಕೊಡೋ ಧೈರ್ಯ ಮಾಡಲಿಲ್ಲ. "ನಾಳೆ ಹೇಳ್ತೀನಮ್ಮ, ಅಲ್ಲೀತನಕ ದಯವಿಟ್ಟು ತರಿಸಬೇಡಿ" ಅಂತಷ್ಟೇ ಬರೆದೆ.

ಧೈರ್ಯ ಮಾಡದೇ ಇರೋದಕ್ಕೆ ಇನ್ನೊಂದು ಕಾರಣವೂ ಇತ್ತು. ವೃತ್ತಿಗೆ ಬಂದ ಹೊಸದರಲ್ಲಿ, ನಾನು ಆಗ ಕೆಲಸ ಮಾಡುತ್ತಿದ್ದ ಚಾನೆಲ್‌ನಲ್ಲಿ, ಇಂಥದ್ದೇ ಸುದ್ದಿಗೆ "ಮನುಷ್ಯರ ಪ್ರೋಟೀನ್ ಮಾರಾಟ!" ಅಂತ ಸ್ಕ್ರೋಲ್ ಓಡಿಸಿದ್ದೆವು. ಯಾರದೋ ಮೈಯಿಂದ ಬಸಿದು ಮಾರುತ್ತಿದ್ದಾರೆ ಅನ್ನೋ ಧಾಟಿಯಲ್ಲಿ ನಾನೇ ಓದಿದ್ದೆ. ಮರುದಿನ ಒಬ್ಬ ನಿವೃತ್ತ ಮೇಷ್ಟ್ರು ಫೋನ್ ಮಾಡಿ, "ತಮ್ಮಾ, ನಮ್ಮನೆ ಫ್ರಿಡ್ಜ್‌ನಲ್ಲೂ ಅದೇ ಇದೆ, ಪೊಲೀಸ್ರಿಗೆ ಹೇಳ್ತೀಯಾ?" ಅಂದರು. ಅವರು ಹೇಳಿದ್ದು ಇನ್ಸುಲಿನ್ ಬಗ್ಗೆ. ನನ್ನ ಕಿವಿ ಬಿಸಿಯಾಗಿತ್ತು. ಆ ಸಾಲ ಇವತ್ತು ತೀರಿಸ್ತೀನಿ.

ಮೊದಲು "ಹ್ಯೂಮನ್" ಅನ್ನೋ ಪದ. ಅದರ ಅರ್ಥ ಮನುಷ್ಯರಿಂದ ತೆಗೆದದ್ದು ಅಂತ ಅಲ್ಲ, ಮನುಷ್ಯರ ದೇಹ ಮಾಡುವ ಪ್ರೋಟೀನಿನ ನಕಲು ಅಂತ. ನಮ್ಮ ಪ್ರತಿ ಪ್ರೋಟೀನಿಗೂ ಡಿಎನ್‌ಎಯಲ್ಲಿ ಒಂದು ಅಡುಗೆ ಚೀಟಿ ಇದೆ, ಅದೇ ಜೀನ್. ಯಾವ ಅಮೈನೋ ಆಮ್ಲ ಆದಮೇಲೆ ಯಾವುದು ಬರಬೇಕು ಅಂತ ಅದರಲ್ಲಿ ಬರೆದಿರುತ್ತೆ. ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬೋಯರ್ 1973ರಲ್ಲಿ ಒಂದು ಜೀವಿಯ ಚೀಟಿಯನ್ನು ಕತ್ತರಿಸಿ ಬ್ಯಾಕ್ಟೀರಿಯಾದೊಳಗೆ ಸೇರಿಸಬಹುದು ಅಂತ ತೋರಿಸಿದರು. ಇ. ಕೋಲಿ ಅನ್ನೋ ಈ ಬ್ಯಾಕ್ಟೀರಿಯಾ ನಮ್ಮೆಲ್ಲರ ಕರುಳಲ್ಲೂ ಇರೋದೇ. ಅದು ಪ್ರಶ್ನೆ ಕೇಳದ ಅಡುಗೆ ಭಟ್ಟ. ಯಾರ ಮನೆ ಚೀಟಿ ಕೊಟ್ಟರೂ ಅಡುಗೆ ಮಾಡುತ್ತೆ. ಮನುಷ್ಯರ ಚೀಟಿ ಕೊಟ್ಟರೆ ಮನುಷ್ಯರ ಪ್ರೋಟೀನ್. ರೀಕಾಂಬಿನೆಂಟ್ ಅಂದ್ರೆ ಹೀಗೆ ಬೇರೆ ಬೇರೆ ಕಡೆಯ ಡಿಎನ್‌ಎ ತುಂಡುಗಳ ಮರುಜೋಡಣೆಯಿಂದ ಬಂದದ್ದು.

1978ರಲ್ಲಿ ಈ ದಾರಿಯಲ್ಲೇ ಮಾನವ ಇನ್ಸುಲಿನ್ ತಯಾರಾಯ್ತು, 1982ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ತು. ಅದಕ್ಕೂ ಮೊದಲು ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುತ್ತಿದ್ದದ್ದು ಹಂದಿ, ದನಗಳಿಂದ ತೆಗೆದ ಇನ್ಸುಲಿನ್. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಪಿಕಿಯಾ ಅನ್ನೋ ಯೀಸ್ಟ್‌ನಿಂದ ಮಾಡಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ತಂತು. ಅಂದ್ರೆ ನಿಮ್ಮನೆ ಫ್ರಿಡ್ಜ್ ಬಾಗಿಲಲ್ಲಿ ಮೊಟ್ಟೆ ಪಕ್ಕ ಅಜ್ಜಿಯ ಇನ್ಸುಲಿನ್ ಇದ್ದರೆ, ಅದೂ ರೀಕಾಂಬಿನೆಂಟ್ ಪ್ರೋಟೀನೇ. ಹೆದರೋ ಹೆಸರೇನಲ್ಲ.

ಹಾಗಾದ್ರೆ ಆ ತಾಯಿ ಕಳಿಸಿದ ಬಾಟ್ಲಿಯಲ್ಲಿ ತಪ್ಪೇನು? ಇದಕ್ಕೆ ಉತ್ತರ ಗೊತ್ತಾಗಬೇಕಾದ್ರೆ ಗ್ರೋತ್ ಹಾರ್ಮೋನಿನ ಕಥೆ ಕೇಳಬೇಕು. ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೊಳ್ಳಿ.

ಬೆಳವಣಿಗೆಯ ಹಾರ್ಮೋನನ್ನು ಮಾಡೋದು ಮಿದುಳಿನ ಬುಡದಲ್ಲಿರೋ ಬಟಾಣಿ ಕಾಳಿನಷ್ಟು ಪಿಟ್ಯುಟರಿ ಗ್ರಂಥಿ. ಅದು ಸಾಕಷ್ಟು ಮಾಡದಿದ್ದರೆ ಮಗು ಎತ್ತರ ಬೆಳೆಯಲ್ಲ. ಇನ್ಸುಲಿನ್ ಥರ ಪ್ರಾಣಿಗಳಿಂದ ತೆಗೆಯೋಣ ಅಂದ್ರೆ ಇದು ಮೊಂಡು ಹಾರ್ಮೋನ್. ದನದ್ದು, ಹಂದಿಯದ್ದು ಮನುಷ್ಯರಲ್ಲಿ ಕೆಲಸವೇ ಮಾಡಲ್ಲ. ಉಳಿದದ್ದು ಒಂದೇ ದಾರಿ: ಸತ್ತ ಮನುಷ್ಯರ ಪಿಟ್ಯುಟರಿ. 1958ರಲ್ಲಿ ಅಮೆರಿಕದ ಮಾರಿಸ್ ರಾಬೆನ್ ಅನ್ನೋ ವೈದ್ಯರು ಹೀಗೆ ತೆಗೆದ ಹಾರ್ಮೋನ್ ಕೊಟ್ಟರೆ ಬೆಳವಣಿಗೆ ಆಗುತ್ತೆ ಅಂತ ವರದಿ ಮಾಡಿದರು. ಒಂದು ಮಗುವಿನ ಒಂದು ವರ್ಷದ ಚಿಕಿತ್ಸೆಗೆ ಹತ್ತಾರು ಶವಗಳ ಗ್ರಂಥಿ ಬೇಕು. ಶವಾಗಾರಗಳಿಂದ ಗ್ರಂಥಿ ಸಂಗ್ರಹಿಸಿ, ಸಾವಿರಾರನ್ನು ಒಟ್ಟಿಗೆ ಅರೆದು, ಹಾರ್ಮೋನ್ ಬೇರ್ಪಡಿಸುತ್ತಿದ್ದರು. ಅಮೆರಿಕದ ಸರ್ಕಾರಿ ಯೋಜನೆಯೊಂದರಲ್ಲೇ 1963ರಿಂದ 1985ರ ತನಕ ಸುಮಾರು 7,700 ಮಂದಿಗೆ ಇದನ್ನು ಕೊಡಲಾಯಿತು. ಮಕ್ಕಳು ಬೆಳೆದರು. ಅಪ್ಪ ಅಮ್ಮಂದಿರು ಗೋಡೆ ಮೇಲೆ ಗೆರೆ ಹಾಕಿ ಸಂಭ್ರಮಿಸಿದರು.

1985ರಲ್ಲಿ ಸಂಭ್ರಮ ನಿಂತು ಹೋಯ್ತು. ಚಿಕಿತ್ಸೆ ಪಡೆದು ದೊಡ್ಡವರಾಗಿದ್ದ ಕೆಲವರು ಚಿಕ್ಕ ವಯಸ್ಸಿಗೇ ತೂರಾಡತೊಡಗಿದರು, ನೆನಪು ಕಳಕೊಂಡರು, ಸತ್ತರು. ಅದು ಕ್ರಾಯ್ಟ್ಸ್‌ಫೆಲ್ಟ್ ಯಾಕೋಬ್ ಅನ್ನೋ ಮಿದುಳಿನ ಕಾಯಿಲೆ. ಸಾಮಾನ್ಯವಾಗಿ ವಯಸ್ಸಾದವರಲ್ಲಿ, ಅದೂ ಅಪರೂಪಕ್ಕೆ ಬರೋದು. ತಪ್ಪಾಗಿ ಮಡಚಿಕೊಂಡ ಪ್ರಯಾನ್ ಅನ್ನೋ ಪ್ರೋಟೀನಿನಿಂದ ಬರುತ್ತೆ, ಹತ್ತಾರು ವರ್ಷ ಸುಮ್ಮನೆ ಅಡಗಿರುತ್ತೆ. ಸಾವಿರಾರು ಗ್ರಂಥಿಗಳಲ್ಲಿ ಒಂದು ಈ ಕಾಯಿಲೆಯವರದ್ದಾಗಿದ್ದರೂ ಸಾಕು, ಇಡೀ ಬ್ಯಾಚಿಗೇ ಹುಳಿ ಹಿಂಡಿದ ಹಾಗೆ. ಫ್ರಾನ್ಸ್ ಒಂದರಲ್ಲೇ 100ಕ್ಕೂ ಹೆಚ್ಚು ಮಂದಿ ಹೀಗೆ ಸತ್ತರು. ಯಾರೂ ಬೇಕಂತ ಮಾಡಿದ್ದಲ್ಲ. ಹಾರ್ಮೋನ್ ಅಸಲಿಯೇ. ಅದರ ಜೊತೆಗೆ ಏನು ಬಂತು ಅನ್ನೋದೇ ಪ್ರಾಣ ತೆಗೆದದ್ದು.

ಈ ಕೊನೆಯ ಸಾಲನ್ನು ನೆನಪಲ್ಲಿಡಿ. ಇವತ್ತಿನ ಮಾತೆಲ್ಲ ಅದರ ಮೇಲೇ ನಿಂತಿದೆ.

ಅದೇ 1985ರ ಅಕ್ಟೋಬರ್‌ನಲ್ಲಿ, ಬೋಯರ್ ಪಾಲುದಾರರಾಗಿ ಕಟ್ಟಿದ ಜೆನೆನ್‌ಟೆಕ್ ಕಂಪನಿಯ ಬ್ಯಾಕ್ಟೀರಿಯಾ ನಿರ್ಮಿತ ಗ್ರೋತ್ ಹಾರ್ಮೋನಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಶವದ ಹಂಗಿಲ್ಲ, ಪ್ರಯಾನ್ ಭಯ ಇಲ್ಲ. ಇವತ್ತು ಮಕ್ಕಳಿಗೆ ಕೊಡುವ ಗ್ರೋತ್ ಹಾರ್ಮೋನ್ ರೀಕಾಂಬಿನೆಂಟ್ ಹಾರ್ಮೋನೇ. ಅಂದ್ರೆ ಈ ತಂತ್ರಜ್ಞಾನ ಖಳನಾಯಕ ಅಲ್ಲ, ಕಾಪಾಡಿದ್ದೇ ಅದು.

ಸರಿ, ಈಗ ಆ ಬಾಟ್ಲಿಗೆ ಬರೋಣ. ಅದು ಹುಟ್ಟಿದ್ದೇ ಬೇರೆ ಕೆಲಸಕ್ಕೆ. ಬೆಂಗಳೂರಿನಲ್ಲೇ ಎಷ್ಟೊಂದು ಜೀವವಿಜ್ಞಾನದ ಪ್ರಯೋಗಾಲಯಗಳಿವೆ. ಇಂಥ ಕಡೆ ಫ್ರೀಜರ್ ತೆರೆದರೆ ಪುಟ್ಟ ಪುಟ್ಟ ಬಾಟ್ಲಿಗಳಲ್ಲಿ ಮನುಷ್ಯರ ಪ್ರೋಟೀನ್‌ಗಳು ಕೂತಿರ್ತವೆ. ಗಾಜಿನ ತಟ್ಟೆಯಲ್ಲಿ ಜೀವಕೋಶ ಬೆಳೆಸೋಕೆ ಒಂದು. ರಕ್ತದಲ್ಲಿ ಒಂದು ಹಾರ್ಮೋನ್ ಎಷ್ಟಿದೆ ಅಂತ ಅಳೆಯೋ ಕಿಟ್‌ಗೆ ಅಳತೆಗೋಲಾಗಿ ಇನ್ನೊಂದು. ಕೋವಿಡ್ ಕಾಲದಲ್ಲಿ ವೈರಸ್ ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳೋ ಜಾಗ ಏಸಿಇ2 ಅಂತ ನೀವೆಲ್ಲ ಕೇಳಿದ್ರಿ. ಅದೇ ಏಸಿಇ2 ಪ್ರೋಟೀನನ್ನು ಲ್ಯಾಬಿನಲ್ಲಿ ಮಾಡಿ, ಲಸಿಕೆ ಪಡೆದವರ ರಕ್ತ ವೈರಸ್ಸಿನ ಅಂಟುವಿಕೆಯನ್ನು ತಡೆಯುತ್ತಾ ಅಂತ ಪರೀಕ್ಷಿಸುತ್ತಿದ್ದರು. ಇಂಥ ಬಾಟ್ಲಿಗಳಿಲ್ಲದೆ ಹೊಸ ಔಷಧಿಯೇ ಹುಟ್ಟಲ್ಲ. ಆದರೆ ಔಷಧಿ ಹುಟ್ಟೋ ಜಾಗದಲ್ಲಿ ಇರೋದೆಲ್ಲ ಔಷಧಿ ಅಲ್ಲ. ಗಾರೆ ಕಲಸೋ ಬಾಣಲೆಯಿಂದಲೇ ಮನೆ ಏಳುತ್ತೆ ನಿಜ, ಹಾಗಂತ ಆ ಬಾಣಲೆಯಲ್ಲಿ ಪಾಯಸ ಮಾಡ್ತೀವಾ?

ಇಂಜಿನಿಯರಿಂಗ್‌ನಲ್ಲಿ ನಮ್ಮ ಮೇಷ್ಟ್ರು ಒಬ್ಬರಿದ್ದರು. ಉತ್ತರ ಸರಿ ಇದ್ದರೂ ಪಕ್ಕದಲ್ಲಿ ಯೂನಿಟ್ ಬರೆಯದಿದ್ದರೆ ಸೊನ್ನೆ. ಅವರನ್ನು ನೆನೆಸಿಕೊಂಡು ಪೆನ್ನು ಪೇಪರ್ ತಗೊಂಡು ಲೆಕ್ಕ ಹಾಕಿದೆ. ನೀವೂ ಹಾಕಿ.

ಮೊದಲ ಲೆಕ್ಕ, ಪ್ರಮಾಣದ್ದು. ಬಾಟ್ಲಿಯಲ್ಲಿರೋದು 50 ಮೈಕ್ರೋಗ್ರಾಂ. ಒಂದು ಟೀ ಚಮಚ ಸಕ್ಕರೆ ಸುಮಾರು 5 ಗ್ರಾಂ. ಅದನ್ನು ಲಕ್ಷ ಪಾಲು ಮಾಡಿದರೆ ಒಂದು ಪಾಲು 50 ಮೈಕ್ರೋಗ್ರಾಂ. ಗ್ರೋತ್ ಹಾರ್ಮೋನ್ ಕೊರತೆ ಇರೋ ಮಕ್ಕಳಿಗೆ ವೈದ್ಯರು ಸಾಮಾನ್ಯವಾಗಿ ಬರೆಯೋದು ದಿನಕ್ಕೆ, ದೇಹದ ಪ್ರತಿ ಕೆ.ಜಿ. ತೂಕಕ್ಕೆ, 30 ಮೈಕ್ರೋಗ್ರಾಂ ಆಸುಪಾಸು. ಹುಡುಗ 20 ಕೆ.ಜಿ. ಇದ್ದಾನೆ ಅಂದುಕೊಳ್ಳಿ. ದಿನಕ್ಕೆ 600 ಮೈಕ್ರೋಗ್ರಾಂ. ಅಂದ್ರೆ ದಿನಕ್ಕೆ ಹನ್ನೆರಡು ಬಾಟ್ಲಿ! ಒಂದು ಬಾಟ್ಲಿಯ ರೇಟ್ ನೋಡಿ ಅಗ್ಗ ಅಂದುಕೊಂಡದ್ದು ಬರೀ ಕಣ್ಕಟ್ಟು. ಹನ್ನೆರಡರಿಂದ ಗುಣಿಸಿ, ಮತ್ತೆ ಮೂವತ್ತರಿಂದ ಗುಣಿಸಿ. ಆ ತಾಯಿಯ ತಮ್ಮ ಗುಣಿಸಿರಲಿಲ್ಲ.

ಎರಡನೇ ಲೆಕ್ಕ, ವಿಷದ್ದು. ಇದನ್ನು ಮಾಡೋವಾಗ ನನಗೇ ಬೆನ್ನಲ್ಲಿ ಚಳಿ ಬಂತು. ಇ. ಕೋಲಿಯ ಹೊರಗೋಡೆಯಲ್ಲಿ ಎಂಡೋಟಾಕ್ಸಿನ್ ಅನ್ನೋ ವಸ್ತು ಇರುತ್ತೆ. ಪ್ರೋಟೀನ್ ಹೊರತೆಗೆಯೋಕೆ ಬ್ಯಾಕ್ಟೀರಿಯಾವನ್ನು ಒಡೆಯಲೇಬೇಕು. ಒಡೆದಾಗ ಇದು ಪ್ರೋಟೀನಿನ ಜೊತೆ ಬೆರೆಯುತ್ತೆ. ರಕ್ತಕ್ಕೆ ಸೇರಿದರೆ ಚಳಿಜ್ವರ, ರಕ್ತದೊತ್ತಡ ಕುಸಿತ, ಹೆಚ್ಚಾದರೆ ಪ್ರಾಣಕ್ಕೇ ಅಪಾಯ. ಕುದಿಸಿದರೂ ಹೋಗಲ್ಲ, ಅಷ್ಟು ಗಟ್ಟಿ. ಅದನ್ನು ಅಳೆಯೋ ಮಾನಕ್ಕೆ ಎಂಡೋಟಾಕ್ಸಿನ್ ಯೂನಿಟ್ ಅಂತಾರೆ. ಇದನ್ನು ಪತ್ತೆ ಮಾಡೋ ಪರೀಕ್ಷೆ ಬಂದದ್ದು ಸಮುದ್ರದ ಕುದುರೆ ಲಾಳದ ಏಡಿಯ ನೀಲಿ ರಕ್ತದಿಂದ. ಎಂಡೋಟಾಕ್ಸಿನ್ ಸ್ವಲ್ಪ ಸೋಕಿದರೂ ಆ ರಕ್ತದ ಸಾರ ಹೆಪ್ಪುಗಟ್ಟುತ್ತೆ.

ಇಂಜೆಕ್ಷನ್ ಔಷಧಿಗಳಿಗೆ ಸಾಮಾನ್ಯವಾಗಿ ಇಟ್ಟಿರೋ ಮಿತಿ ಗಂಟೆಗೆ, ಪ್ರತಿ ಕೆ.ಜಿ.ಗೆ, 5 ಯೂನಿಟ್. ನಮ್ಮ ಹುಡುಗ 20 ಕೆ.ಜಿ., ಅಂದ್ರೆ 100 ಯೂನಿಟ್ ದಾಟಬಾರದು. ಸಂಶೋಧನೆಯ ಪ್ರೋಟೀನಿನ ಜೊತೆ ಬರೋ ಕಾಗದದಲ್ಲಿ ಸಾಮಾನ್ಯವಾಗಿ ಏನು ಬರೆದಿರುತ್ತೆ ಗೊತ್ತಾ? "ಪ್ರತಿ ಮೈಕ್ರೋಗ್ರಾಂಗೆ 1 ಯೂನಿಟ್‌ಗಿಂತ ಕಡಿಮೆ." ಕೇಳೋಕೆ ಎಷ್ಟು ಶುದ್ಧ ಅನ್ನಿಸುತ್ತೆ! ಗಾಜಿನ ತಟ್ಟೆಯ ಜೀವಕೋಶಕ್ಕೆ ಹಾಕೋದು ಒಂದು ಮೈಕ್ರೋಗ್ರಾಮಿನ ಚೂರು. ಅಲ್ಲಿಗೆ ಅದು ಸಾಕು. ಆದರೆ 600 ಮೈಕ್ರೋಗ್ರಾಂ ಚುಚ್ಚಿದರೆ? ಕಾಗದ ಕೊಡೋ ಭರವಸೆ ಇಷ್ಟೇ: 600 ಯೂನಿಟ್‌ಗಿಂತ ಕಡಿಮೆ. ಮಿತಿ 100. ಅಂದ್ರೆ ಮಿತಿಯ ಆರು ಪಟ್ಟಿನ ಹತ್ತಿರ ಇದ್ದರೂ ಆ ಕಂಪನಿ ಸುಳ್ಳು ಹೇಳಿದ ಹಾಗಾಗಲ್ಲ. ಅವರು ಮೊದಲೇ ಹೇಳಿದಾರಲ್ಲ, ಮನುಷ್ಯರಿಗೆ ಅಲ್ಲ ಅಂತ.

ಮೂರನೆಯದು, ಬಾಲದ ಲೆಕ್ಕ. ನೂರಾರು ಬ್ಯಾಕ್ಟೀರಿಯಾ ಪ್ರೋಟೀನ್‌ಗಳ ನಡುವಿಂದ ನಮಗೆ ಬೇಕಾದ ಒಂದನ್ನು ಹೆಕ್ಕೋದು ಹೇಗೆ? ಲ್ಯಾಬಿನವರು ಹೆಚ್ಚಾಗಿ ಒಂದು ಉಪಾಯ ಮಾಡ್ತಾರೆ. ಚೀಟಿಯಲ್ಲೇ ಹಿಸ್ಟಿಡೀನ್ ಅನ್ನೋ ಅಮೈನೋ ಆಮ್ಲವನ್ನು ಆರು ಸಲ ಬಾಲದ ಥರ ಸೇರಿಸ್ತಾರೆ. ಆ ಬಾಲ ನಿಕ್ಕಲ್‌ಗೆ ಅಂಟುತ್ತೆ. ನಿಕ್ಕಲ್ ಇರೋ ಕೊಳವೆಯಲ್ಲಿ ಎಲ್ಲವನ್ನೂ ಹರಿಸಿದರೆ ಬಾಲ ಇದ್ದದ್ದು ಸಿಕ್ಕಿಕೊಳ್ಳುತ್ತೆ, ಉಳಿದದ್ದು ತೊಳೆದು ಹೋಗುತ್ತೆ. ಜಾಣ ಕೆಲಸ. ಆದರೆ ಆ ಬಾಲ ಎಷ್ಟೋ ಸಲ ಬಾಟ್ಲಿಯಲ್ಲೂ ಹಾಗೇ ಇರುತ್ತೆ. ಇಷ್ಟು ಚೂರು ಪುಡಿ ಗಾಜಿಗೆ ಅಂಟಿ ಹಾಳಾಗದಿರಲಿ ಅಂತ ಕೆಲವರು ದನದ ರಕ್ತದ ಅಲ್ಬುಮಿನ್ ಕೂಡ ಬೆರೆಸ್ತಾರೆ. ಶುದ್ಧತೆ "95 ಶೇಕಡಾಕ್ಕಿಂತ ಹೆಚ್ಚು" ಅಂತಿದ್ದರೆ, ಉಳಿದ ಪಾಲು ಏನು ಅನ್ನೋದು ಖರೀದಿಸಿದವರಿಗೆ ಗೊತ್ತಿರಲ್ಲ.

"ಬಾಲ ಇದ್ರೆ ಏನು ಮಹಾ?" ಅನ್ನಬೇಡಿ. ಮಾನವ ಗ್ರೋತ್ ಹಾರ್ಮೋನ್ 191 ಅಮೈನೋ ಆಮ್ಲಗಳ ಸರ. ಜೆನೆನ್‌ಟೆಕ್‌ನ 1985ರ ಔಷಧಿಯಲ್ಲಿ 192 ಇತ್ತು. ಮೊದಲಲ್ಲಿ ಒಂದೇ ಒಂದು ಮಣಿ ಹೆಚ್ಚು. ಆ ಒಂದು ಮಣಿಯನ್ನೂ ತಜ್ಞರು ಬಿಡಲಿಲ್ಲ, ದೇಹ ಅದರ ವಿರುದ್ಧ ಆ್ಯಂಟಿಬಾಡಿ ಮಾಡುತ್ತಾ ಅಂತ ಬೆನ್ನುಹತ್ತಿ ನೋಡಿದರು. 1987ರಲ್ಲಿ ಸರಿಯಾಗಿ 191 ಇರೋ ಹಾರ್ಮೋನ್ ಬಂತು. ಒಂದು ಮಣಿಗೆ ಅಷ್ಟು ತಲೆಕೆಡಿಸಿಕೊಂಡವರು ಅವರು. ನಾವು ಆರು ಮಣಿಯ ಬಾಲವನ್ನು ಮಗನಿಗೆ ಚುಚ್ಚೋದಾ?

ಆ್ಯಂಟಿಬಾಡಿ ಯಾಕೆ ಅಷ್ಟು ಭಯಾನಕ ಅಂದ್ರೆ ಇನ್ನೊಂದು ಉದಾಹರಣೆ ಇದೆ. ಕಿಡ್ನಿ ಕೆಟ್ಟವರಿಗೆ ರಕ್ತ ಹೆಚ್ಚಿಸೋಕೆ ಎರಿಥ್ರೊಪೊಯಿಟಿನ್ ಅನ್ನೋ ರೀಕಾಂಬಿನೆಂಟ್ ಹಾರ್ಮೋನ್ ಕೊಡ್ತಾರೆ. 1998ರ ಹೊತ್ತಿಗೆ ಯುರೋಪ್‌ನಲ್ಲಿ ಮಾರುತ್ತಿದ್ದ ಒಂದು ಬ್ರ್ಯಾಂಡ್‌ನಲ್ಲಿ, ಹಾರ್ಮೋನ್ ಕೆಡದಂತೆ ಬೆರೆಸುತ್ತಿದ್ದ ವಸ್ತುವನ್ನು ಬದಲಿಸಿದರು. ಹಾರ್ಮೋನ್ ಅದೇ. ಮುಂದಿನ ವರ್ಷಗಳಲ್ಲಿ ಕೆಲವು ರೋಗಿಗಳ ದೇಹ ಆ ಔಷಧಿಯ ವಿರುದ್ಧ ಆ್ಯಂಟಿಬಾಡಿ ಮಾಡಿತು. ಆ ಆ್ಯಂಟಿಬಾಡಿ ಅವರದೇ ದೇಹದ ಸ್ವಂತ ಹಾರ್ಮೋನನ್ನೂ ಹೊಡೆದುಹಾಕಿತು. ಕೆಂಪು ರಕ್ತಕಣ ಹುಟ್ಟೋದೇ ನಿಂತು, ರಕ್ತ ಹಾಕಿಸಿಕೊಂಡೇ ಬದುಕುವ ಸ್ಥಿತಿ ಬಂತು. ನಿಖರ ಕಾರಣದ ಬಗ್ಗೆ ತಜ್ಞರು ಎಷ್ಟೋ ಕಾಲ ಚರ್ಚಿಸಿದರು. ಅದು ಪರವಾನಗಿ ಇದ್ದ, ಆಸ್ಪತ್ರೆಗಳಲ್ಲಿ ವೈದ್ಯರ ಕಣ್ಣೆದುರೇ ಕೊಡುತ್ತಿದ್ದ ಔಷಧಿ. ಲೆಕ್ಕ ಇಟ್ಟವರು ಇದ್ದದ್ದರಿಂದ ಸಿಕ್ಕಿಬಿತ್ತು, ಸರಿ ಮಾಡಿದರು. ಇಂಟರ್ನೆಟ್‌ನಿಂದ ತರಿಸಿದ ಬಾಟ್ಲಿಯಿಂದ ಏನಾದರೂ ಆದರೆ ಲೆಕ್ಕ ಇಡೋರು ಯಾರು?

ಹಾಗಾದ್ರೆ ಔಷಧಿಗೂ ಇದಕ್ಕೂ ವ್ಯತ್ಯಾಸ ಅಣುವಿನಲ್ಲಿಲ್ಲ, ಸಾಕ್ಷಿಯಲ್ಲಿದೆ. ಔಷಧಿಯ ಬೆಲೆಯಲ್ಲಿ ನಾವು ಕೊಡೋದು ಬರೀ ಪುಡಿಗೆ ಅಲ್ಲ. ಸೂಕ್ಷ್ಮಾಣು ಇಲ್ಲದ ಕೋಣೆಗೆ, ಪ್ರತಿ ಬ್ಯಾಚಿನ ಪರೀಕ್ಷೆಗೆ, ನಮಗಿಂತ ಮೊದಲು ಅದನ್ನು ಪ್ರಯೋಗದಲ್ಲಿ ಪಡೆದ ಮಕ್ಕಳ ಮಾಹಿತಿಗೆ, ತಪ್ಪಾದರೆ ವಾಪಸ್ ಕರೆಸೋ ವ್ಯವಸ್ಥೆಗೆ. ಬೆಲೆ ನ್ಯಾಯವಾಗಿದೆ ಅಂತ ನಾನು ಹೇಳ್ತಿಲ್ಲ. ಒಬ್ಬ ತಾಯಿ ಅಗ್ಗದ ಬಾಟ್ಲಿ ಹುಡುಕೋ ಹಾಗೆ ಮಾಡಿರೋ ಬೆಲೆಯ ಬಗ್ಗೆ ಸಿಟ್ಟು ಬರಲೇಬೇಕು. ಆ ಸಿಟ್ಟನ್ನು ಮಗನ ತೋಳಿನ ಮೇಲೆ ತೀರಿಸಬಾರದು, ಅಷ್ಟೇ.

ಇನ್ನೊಂದು ಎಚ್ಚರಿಕೆ. ನಿಜವಾದ ಲ್ಯಾಬ್ ಕಂಪನಿಗಳು ಈ ಸಾಲನ್ನು ಪ್ರಾಮಾಣಿಕವಾಗಿ ಬರೀತಾರೆ, ಸಂಶೋಧಕರಿಗೆ ಮಾರ್ತಾರೆ. ಆದರೆ ಅದೇ ಸಾಲನ್ನು ಕೊಡೆಯ ಥರ ಹಿಡಿದುಕೊಂಡು, ಜಿಮ್ ಹುಡುಗರಿಗೆ, ದಿಕ್ಕು ತೋಚದ ತಂದೆ ತಾಯಿಗೆ ಬಾಟ್ಲಿ ಮಾರೋರೂ ಇದ್ದಾರೆ. ಒಳಗೆ ಹಾರ್ಮೋನ್ ಇದೆಯೋ, ಬೇರೇನಿದೆಯೋ ದೇವರಿಗೇ ಗೊತ್ತು. ಕೇಸ್ ಆದರೆ "ನಾವು ಬರೆದಿದ್ವಲ್ಲ" ಅಂತಾರೆ. ದೊಡ್ಡವರಾದ ಮೇಲೆ ಎತ್ತರಕ್ಕೆ ಅಂತ ಇದನ್ನು ಹಾಕಿಸಿಕೊಳ್ಳೋದಂತೂ ಶುದ್ಧ ಮೂರ್ಖತನ. ಮೂಳೆ ತುದಿಯ ಬೆಳೆಯೋ ಪದರ ಮುಚ್ಚಿದ ಮೇಲೆ ಎತ್ತರ ಹೆಚ್ಚಲ್ಲ. ಕೈ, ಕಾಲು, ದವಡೆ ದಪ್ಪ ಆಗ್ತವೆ, ಸಕ್ಕರೆ ಕಾಯಿಲೆ ಹತ್ತಿರ ಬರುತ್ತೆ.

ಮರುದಿನ ಆ ತಾಯಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಹನ್ನೆರಡು ಬಾಟ್ಲಿ ಲೆಕ್ಕ ಕೇಳಿ ಆಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಕೇಳಿದರು, "ಬೇಡ ಬಿಡಿ ಸರ್, ತರ್ಸಲ್ಲ. ಆದ್ರೆ ಅವನು ಬೆಳೆಯೋದು ಬೇಡ್ವಾ?"

ಆ ಪ್ರಶ್ನೆಗೆ ನನ್ನ ಹತ್ತಿರ ಇದ್ದ ಉತ್ತರ ಸಣ್ಣದು. ಮಕ್ಕಳ ಹಾರ್ಮೋನ್ ತಜ್ಞರು ಅಂತಲೇ ಪ್ರತ್ಯೇಕ ವೈದ್ಯರಿದ್ದಾರೆ, ದೊಡ್ಡ ಸರ್ಕಾರಿ ಮಕ್ಕಳ ಆಸ್ಪತ್ರೆಯಲ್ಲಿ ವಿಚಾರಿಸಿ ಒಮ್ಮೆ ತೋರಿಸಿ. ಕುಳ್ಳಗಿರೋ ಎಲ್ಲ ಮಕ್ಕಳಿಗೂ ಹಾರ್ಮೋನ್ ಕೊರತೆ ಇರಲ್ಲ. ಹೆಚ್ಚಿನವರು ಅಪ್ಪ ಅಮ್ಮನ ಹಾಗೆ ಕುಳ್ಳು, ಇಲ್ಲವೇ ತಡವಾಗಿ ಬೆಳೆಯೋರು. ಎತ್ತರದ ಚಾರ್ಟ್, ಮಣಿಕಟ್ಟಿನ ಎಕ್ಸ್‌ರೇ, ರಕ್ತ ಪರೀಕ್ಷೆ ಮೂರನ್ನೂ ಇನ್ನೊಬ್ಬರು ನೋಡಲಿ. ಕೊರತೆ ಇದೆ ಅಂತ ಖಚಿತವಾದರೆ ಕಡಿಮೆ ಬೆಲೆಯ ಬ್ರ್ಯಾಂಡ್ ಇದೆಯಾ ಅಂತ ನಾಚಿಕೆ ಬಿಟ್ಟು ಕೇಳಿ. ಈ ಹಾರ್ಮೋನನ್ನು ನಮ್ಮ ದೇಶದಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿಗಳು ಮಾರುತ್ತವೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಹುಡುಕಿ, ನೆರವಿನ ದಾರಿ ಅವರಿಗೆ ಗೊತ್ತಿರುತ್ತೆ. ಮತ್ತೆ, ಮೂಳೆ ಕಾಯಲ್ಲ, ತಡ ಮಾಡಬೇಡಿ.

"ಬರ್ಕೊಂಡೆ ಸರ್" ಅಂದರು.

ವೀಕ್ಷಕರೇ, ನೀವೂ ಒಂದು ಬರ್ಕೊಳ್ಳಿ. ಯಾವುದೇ ಇಂಜೆಕ್ಷನ್ ಪೆಟ್ಟಿಗೆ ಕೈಗೆ ಬಂದಾಗ ದಪ್ಪಕ್ಷರ ಆಮೇಲೆ ಓದಿ, ಸಣ್ಣಕ್ಷರ ಮೊದಲು ಓದಿ. ತಯಾರಿಕಾ ಪರವಾನಗಿ ಸಂಖ್ಯೆ ಇದೆಯಾ, ಬ್ಯಾಚ್ ನಂಬರ್ ಇದೆಯಾ, ಎಕ್ಸ್‌ಪೈರಿ ಇದೆಯಾ ನೋಡಿ. "ಫಾರ್ ರಿಸರ್ಚ್ ಯೂಸ್ ಓನ್ಲಿ" ಅಂತಿದ್ದರೆ, ಅದು ಕಂಪನಿಯವರು ಸುಮ್ಮನೆ ಹಾಕಿದ ಸಾಲು ಅಲ್ಲ. ಇದನ್ನು ಮನುಷ್ಯರ ಮೇಲೆ ಯಾರೂ ಪರೀಕ್ಷಿಸಿ ನೋಡಿಲ್ಲ, ಮೊದಲನೆಯವರು ನೀವೇ ಆಗ್ತೀರಿ ಅಂತ ಅದರ ಅರ್ಥ.